ಹಳೆಯ ಆಸ್ಪತ್ರೆಯ ಗೋಡೆಯಲ್ಲಿ ರೋಗ ಉಳಿದಿರುತ್ತದೆಯೇ?

ಪ್ರಶ್ನೆ: ನಮ್ಮದು ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಪೇಟೆಯಿಂದ ಸ್ವಲ್ಪ ದೂರದ ಏರಿನ ಮೇಲೆ ಜಂಬಿಟ್ಟಿಗೆ ಕಲ್ಲಿನ ಗೋಡೆಯ, ಮಂಗಳೂರು ಹೆಂಚಿನ ಹಳೆಯ ಸರ್ಕಾರಿ ಆಸ್ಪತ್ರೆ ಇದೆ. ಹೊಸ ಕಟ್ಟಡವಾದ ಮೇಲೆ ಅದಕ್ಕೆ ಬೀಗ ಹಾಕಿದ್ದಾರೆ. ಈಗ ಅದನ್ನು ದುರಸ್ತಿ ಮಾಡಿಸಿ ಗ್ರಂಥಾಲಯ ಮತ್ತು ಮಕ್ಕಳ ಓದುವ ಕೋಣೆ ಮಾಡುವ ಪ್ರಸ್ತಾಪ ಬಂದಿದೆ. ನಾನು ಪ್ರೌಢಶಾಲೆಯ ಶಿಕ್ಷಕಿ. ಅಭಿಪ್ರಾಯ ಕೊಡಬೇಕಾದ ಸಮಿತಿಯಲ್ಲಿದ್ದೇನೆ. ಊರಿನಲ್ಲಿ ವಿರೋಧವಿದೆ. ಪ್ಲೇಗು, ಸಿಡುಬಿನವರನ್ನು ಇಟ್ಟಿದ್ದ ಗೋಡೆಗಳಲ್ಲಿ ರೋಗಾಣು ಇನ್ನೂ ಇವೆ, ಎಕ್ಸ್‌ರೇ ಕೋಣೆಯಲ್ಲಿ ವಿಕಿರಣ ಉಳಿದಿದೆ, ಹಿತ್ತಲಿನಲ್ಲಿ ಹೆಣಗಳನ್ನು ಹೂತಿದ್ದಾರೆ, ಹೇಗಿದ್ದರೂ ಬ್ರಿಟಿಷರು ಕಟ್ಟಿಸಿದ್ದು, ಕೆಡವಿಬಿಡಿ ಎನ್ನುತ್ತಾರೆ. ನನಗೆ ಇನ್ನೊಂದು ಸಂಕಟವೂ ಇದೆ. 1949ರ ಸುಮಾರಿಗೆ ನನ್ನ ಅಜ್ಜಿ, ಏಳು ತಿಂಗಳ ಬಸುರಿ, ಚಳಿಜ್ವರ ಬಿಡದೆ ಇದೇ ಆಸ್ಪತ್ರೆಗೆ ಎತ್ತಿನಗಾಡಿಯಲ್ಲಿ ಬಂದರಂತೆ. ಸೂಜಿ ಚುಚ್ಚಿದ ಕೆಲವು ಗಂಟೆಗಳಲ್ಲಿ ಮೈಯೆಲ್ಲ ಬೆವೆತು, ತಣ್ಣಗಾಗಿ, ಪ್ರಜ್ಞೆ ತಪ್ಪಿ ಅದೇ ರಾತ್ರಿ ತೀರಿಕೊಂಡರಂತೆ. ಸೂಜಿಯೇ ಕೊಂದಿತು ಎಂದು ನಮ್ಮ ಮನೆಯ ನಂಬಿಕೆ. ಅಪ್ಪ ಸಾಯುವವರೆಗೂ ಆ ರಸ್ತೆಯಲ್ಲಿ ನಡೆಯಲಿಲ್ಲ. ನಮ್ಮ ಹಿರಿಯರ ಹಳ್ಳಿಯೂ ಶರಾವತಿ ಮುಳುಗಡೆಯಲ್ಲಿ ಹೋಯಿತು. ಅಂದು ಏನಾಯಿತೆಂದು ತಿಳಿಯುವ ದಾರಿ ಇದೆಯೇ? ಆ ಕಟ್ಟಡದಲ್ಲಿ ಮಕ್ಕಳನ್ನು ಕೂರಿಸಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಕಟ್ಟಡದ ಪ್ರಶ್ನೆಗೆ ಬಹುಮಟ್ಟಿಗೆ ಖಚಿತವಾಗಿ ಉತ್ತರಿಸಬಹುದು. ಅಜ್ಜಿಯ ಪ್ರಶ್ನೆಗೆ ಅಷ್ಟು ಖಚಿತ ಉತ್ತರ ಸಾಧ್ಯವಿಲ್ಲ. ಆದರೆ ನಿಮ್ಮ ಮನೆಯಲ್ಲಿ ಇಷ್ಟು ವರ್ಷ ಹೇಳಿಕೊಂಡು ಬಂದದ್ದಕ್ಕಿಂತ ಹೆಚ್ಚನ್ನು ಹೇಳಬಹುದು. ಮಲೆನಾಡಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ದುಡಿದು, ನಿವೃತ್ತಿಯ ನಂತರ ಅಂಥ ಆಸ್ಪತ್ರೆಗಳ ಹಳೆಯ ಕಡತಗಳನ್ನು ಓದುವುದರಲ್ಲೇ ತೊಡಗಿರುವ ಸಾರ್ವಜನಿಕ ಆರೋಗ್ಯ ವೈದ್ಯನಾಗಿ ಬರೆಯುತ್ತಿದ್ದೇನೆ.

ಮೊದಲು ರೋಗಾಣುಗಳ ವಿಷಯ. ಪ್ಲೇಗಿನ ಬ್ಯಾಕ್ಟೀರಿಯಾ ಬದುಕುವುದು ಇಲಿಯ ಮೈಯಲ್ಲಿ ಮತ್ತು ಇಲಿಯ ಮೇಲಿನ ಚಿಗಟದಲ್ಲಿ. 1898ರಲ್ಲಿ ಕರಾಚಿಯಲ್ಲಿ ಕೆಲಸ ಮಾಡುತ್ತಿದ್ದ ಪಾಲ್ ಲೂಯಿ ಸಿಮೊಂ ಎಂಬ ಫ್ರೆಂಚ್ ವೈದ್ಯ ಇದನ್ನು ತೋರಿಸಿದ. ಅದೇ ವರ್ಷ ಪ್ಲೇಗು ಬೆಂಗಳೂರಿಗೂ ಬಂದು ಮೈಸೂರು ಸಂಸ್ಥಾನದಲ್ಲಿ ಹರಡಿತು. ವಿಜ್ಞಾನ ಗೊತ್ತಿಲ್ಲದಿದ್ದರೂ ನಮ್ಮ ಹಳ್ಳಿಗಳ ಜನ ಇಲಿ ಬಿದ್ದ ಕೂಡಲೇ ಮನೆ ಬಿಟ್ಟು ಗದ್ದೆ, ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಅದು ಸರಿಯಾದ ಬುದ್ಧಿಯೇ ಆಗಿತ್ತು. ಆದರೆ ಇಲಿ, ಚಿಗಟ ಇಲ್ಲದ ಗಾರೆಯಲ್ಲಿ, ಅದರಲ್ಲೂ ವರ್ಷ ವರ್ಷ ಸುಣ್ಣ ಬಳಿದ ಗೋಡೆಯಲ್ಲಿ ಆ ಬ್ಯಾಕ್ಟೀರಿಯಾ ದಶಕಗಳ ಕಾಲ ಉಳಿಯುವುದಿಲ್ಲ. ಇನ್ನೊಂದು ಸಂಗತಿ: ಪ್ಲೇಗಿನವರನ್ನೂ ಸಿಡುಬಿನವರನ್ನೂ ಸಾಮಾನ್ಯವಾಗಿ ಮುಖ್ಯ ಕಟ್ಟಡದೊಳಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಊರ ಹೊರಗೆ ಬಿದಿರು, ಹುಲ್ಲಿನ ಶೆಡ್ಡುಗಳನ್ನು ಹಾಕಿ ಅಲ್ಲಿ ಇಡುತ್ತಿದ್ದರು. ಕೆಲಸ ಮುಗಿದ ಮೇಲೆ ಸುಡುತ್ತಿದ್ದರು. ನಿಮ್ಮ ಊರಿನ ಹಿರಿಯರು ‘ಪ್ಲೇಗಿನ ಆಸ್ಪತ್ರೆ’ ಎಂದು ನೆನೆಯುವುದು ಇಂಥ ಶೆಡ್ಡುಗಳನ್ನೇ ಇರಬಹುದು.

ಸಿಡುಬಿನ ಕಥೆ ಇನ್ನೂ ಸ್ಪಷ್ಟ. ಭಾರತದಲ್ಲಿ ಕೊನೆಯ ಸಿಡುಬು ಕಂಡದ್ದು 1975ರಲ್ಲಿ. 1980ರಲ್ಲಿ ಜಗತ್ತಿನಿಂದಲೇ ರೋಗ ನಿರ್ಮೂಲವಾಯಿತೆಂದು ಘೋಷಣೆಯಾಯಿತು. 1978ರ ನಂತರ ಭೂಮಿಯ ಮೇಲೆ ಎಲ್ಲಿಯೂ ಒಬ್ಬ ಮನುಷ್ಯನಿಗೂ ಸಿಡುಬು ಬಂದಿಲ್ಲ. ಈ ಅವಧಿಯಲ್ಲಿ ದೇಶದಾದ್ಯಂತ ಎಷ್ಟೋ ಹಳೆಯ ಆಸ್ಪತ್ರೆಗಳನ್ನು ಕೆಡವಿದ್ದಾರೆ, ತಿದ್ದಿದ್ದಾರೆ, ಅವುಗಳಲ್ಲಿ ಜನ ವಾಸ ಮಾಡಿದ್ದಾರೆ. ಕ್ಷಯದ ರೋಗಾಣು ಕತ್ತಲಿನಲ್ಲಿ, ಒಣಗಿದ ಕಫದಲ್ಲಿ ಕೆಲವು ತಿಂಗಳು ಬದುಕಬಲ್ಲದು. ಬಿಸಿಲು ತಗುಲಿದರೆ ಬೇಗ ಸಾಯುತ್ತದೆ. ಬೀಗ ಬಿದ್ದು ವರ್ಷಗಳೇ ಕಳೆದ ಕಟ್ಟಡದಲ್ಲಿ ಅದರ ಭಯ ಬೇಡ. ಮಣ್ಣಿನಲ್ಲಿ ನಿಜವಾಗಿ ದೀರ್ಘಕಾಲ ಉಳಿಯುವುದು ಧನುರ್ವಾಯುವಿನ ಬೀಜಾಣು. ಅದು ಆಸ್ಪತ್ರೆಯ ಹಿತ್ತಲಿನಲ್ಲಿ ಮಾತ್ರವಲ್ಲ, ನಿಮ್ಮ ಕೊಟ್ಟಿಗೆಯ ಹಿಂದೆಯೂ ಇದೆ. ದುರಸ್ತಿಗೆ ಬರುವ ಕೆಲಸಗಾರರಿಗೆ ಧನುರ್ವಾಯು ತಡೆಯುವ ಟಿ.ಡಿ. ಚುಚ್ಚುಮದ್ದು ಹಾಕಿಸಿದರೆ ಸಾಕು.

ಎಕ್ಸ್‌ರೇ ಯಂತ್ರದ ವಿಷಯದಲ್ಲಿ ಜನರ ಆತಂಕ ಪೂರ್ತಿ ಹುಸಿಯಲ್ಲ, ಆದರೆ ಗುರಿ ತಪ್ಪಿದೆ. ಎಕ್ಸ್‌ರೇ ಹೊರಡುವುದು ಯಂತ್ರಕ್ಕೆ ವಿದ್ಯುತ್ ಹರಿದಾಗ ಮಾತ್ರ. ಸ್ವಿಚ್ ತೆಗೆದ ಕ್ಷಣಕ್ಕೆ ಅದು ನಿಲ್ಲುತ್ತದೆ. ಗೋಡೆಗೆ ಅಂಟಿಕೊಂಡು ಕೂರುವುದಿಲ್ಲ. ಭಯಪಡಬೇಕಾದದ್ದು ಕ್ಯಾನ್ಸರ್ ಚಿಕಿತ್ಸೆಗೆ ಬಳಸುವ ಸೀಸಿಯಂ, ಕೋಬಾಲ್ಟ್‌ನಂಥ ವಿಕಿರಣಶೀಲ ವಸ್ತುಗಳಿಗೆ. 1987ರಲ್ಲಿ ಬ್ರೆಜಿಲ್ ದೇಶದ ಗೊಯಾನಿಯಾ ಎಂಬಲ್ಲಿ, ಬಿಟ್ಟುಹೋದ ಕ್ಯಾನ್ಸರ್ ಚಿಕಿತ್ಸಾಲಯದಿಂದ ಗುಜರಿಯವರು ಸೀಸಿಯಂ ತುಂಬಿದ್ದ ಯಂತ್ರವನ್ನು ಎತ್ತಿಕೊಂಡು ಹೋಗಿ ನಾಲ್ವರು ಸತ್ತರು, 249 ಜನರಿಗೆ ವಿಕಿರಣಶೀಲ ವಸ್ತು ತಗುಲಿತು. ನಮ್ಮಲ್ಲೂ 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಪೇಟೆಗೆ ವಿಶ್ವವಿದ್ಯಾಲಯವೊಂದರ ಕೋಬಾಲ್ಟ್ ಯಂತ್ರ ಬಂದು ಒಬ್ಬರು ತೀರಿಕೊಂಡರು. ತಾಲ್ಲೂಕು ಆಸ್ಪತ್ರೆಯಲ್ಲಿ ಅಂಥ ಚಿಕಿತ್ಸೆ ನಡೆಯುತ್ತಿರಲಿಲ್ಲ. ಆದರೂ ಮೂಲೆಯಲ್ಲಿ ಹಳೆಯ ಎಕ್ಸ್‌ರೇ ಯಂತ್ರ ಉಳಿದಿದ್ದರೆ ಅದನ್ನು ಗುಜರಿಗೆ ತೂಕಕ್ಕೆ ಹಾಕಬೇಡಿ. ಅದರ ಟ್ರಾನ್ಸ್‌ಫಾರ್ಮರಿನ ಎಣ್ಣೆ ವಿಷಕಾರಿಯಾಗಿರಬಹುದು. ಅಂಥ ಯಂತ್ರವನ್ನು ಬಳಕೆಯಿಂದ ತೆಗೆಯುವುದಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಕ್ರಮವಿದೆ. ಜಿಲ್ಲಾ ಆರೋಗ್ಯಾಧಿಕಾರಿಗಳ ಮೂಲಕ ಅದನ್ನೇ ಅನುಸರಿಸಬೇಕು.

ಮಕ್ಕಳ ದೃಷ್ಟಿಯಿಂದ ನನ್ನನ್ನು ಹೆಚ್ಚು ಕಾಡುವುದು ಯಾರೂ ಹೆಸರೆತ್ತದ ಪಾದರಸ. ಥರ್ಮಾಮೀಟರ್ ಒಡೆಯದ ಆಸ್ಪತ್ರೆಯಿಲ್ಲ. ರಕ್ತದೊತ್ತಡ ಅಳೆಯುವ ಹಳೆಯ ಪೆಟ್ಟಿಗೆಗಳಲ್ಲಿ ಅದು ಇನ್ನೂ ಹೆಚ್ಚಿರುತ್ತಿತ್ತು. ಚೆಲ್ಲಿದ ಪಾದರಸ ನೆಲಹಾಸಿನ ಕಲ್ಲಿನ ಸಂದಿಗಳಲ್ಲಿ ಇಳಿದು ಕೂತಿರುತ್ತದೆ. ಸಾಮಾನ್ಯ ಉಷ್ಣತೆಯಲ್ಲೇ ಆವಿಯಾಗುತ್ತದೆ. ಆ ಆವಿ ಮಕ್ಕಳ ನರಮಂಡಲಕ್ಕೆ ಕೆಟ್ಟದ್ದು. ವಾರ್ಡು, ದಾಸ್ತಾನು ಕೋಣೆ, ನರ್ಸುಗಳು ಕೂರುತ್ತಿದ್ದ ಜಾಗಗಳ ನೆಲದ ಸಂದಿಗಳನ್ನು ಟಾರ್ಚು ಹಿಡಿದು ನೋಡಿಸಿ. ಬೆಳ್ಳಿಯಂಥ ಹನಿ ಕಂಡರೆ ಪೊರಕೆ ಮುಟ್ಟಿಸಬೇಡಿ, ಗುಡಿಸಿದರೆ ಹರಡುತ್ತದೆ. ಗಟ್ಟಿ ಕಾಗದದಿಂದ ಕೂಡಿಸಿ, ನೀರು ತುಂಬಿದ ಬಾಟಲಿಗೆ ಹಾಕಿ, ಬಿಗಿಯಾಗಿ ಮುಚ್ಚಿ, ಮಾಲಿನ್ಯ ನಿಯಂತ್ರಣ ಮಂಡಳಿ ಒಪ್ಪಿದ ಸಂಸ್ಥೆಗೆ ಕೊಡಬೇಕು. ಬಾವಲಿಗಳಿದ್ದರೆ ಅವುಗಳ ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಬಾರದು. ನೀರು ಚಿಮುಕಿಸಿ, ಮೂಗಿಗೆ ಮುಖಗವಸು ಹಾಕಿಕೊಂಡು ತೆಗೆಯಬೇಕು, ಆ ಧೂಳಿನಿಂದ ಶ್ವಾಸಕೋಶದ ಶಿಲೀಂಧ್ರ ರೋಗ ಬರಬಹುದು. ಹೊರಗಿನ ಶೆಡ್ಡುಗಳ ಸಿಮೆಂಟ್ ಶೀಟುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಂಭವ ಹೆಚ್ಚು. ಒಡೆಯದೆ ಇಡಿಯಾಗಿ ಇಳಿಸಲಿ. ಮಳೆಗಾಲದಲ್ಲಿ ಇಲಿ ಮೂತ್ರ ಬೆರೆತ ನೀರಿನಿಂದ ಇಲಿಜ್ವರ ಬರುತ್ತದೆ, ಬರಿಗಾಲಿನಲ್ಲಿ ಯಾರೂ ಒಳಗೆ ಹೋಗಬಾರದು. ಇಷ್ಟನ್ನೂ ಮಾಡಿಸಿದರೆ ಆ ಕಟ್ಟಡ ನಿಮ್ಮ ಶಾಲೆಯಷ್ಟೇ ಸುರಕ್ಷಿತ.

ಹಿತ್ತಲಿನ ಹೆಣಗಳ ಮಾತು ಎಲ್ಲಿಂದ ಹುಟ್ಟಿತೆಂದು ನಾನು ಊಹಿಸಬಲ್ಲೆ, ಏಕೆಂದರೆ ಮಲೆನಾಡಿನ ಪ್ರತಿ ಹಳೆಯ ಆಸ್ಪತ್ರೆಗೂ ಈ ಮಾತು ಅಂಟಿಕೊಂಡಿದೆ. ತಾಲ್ಲೂಕು ಆಸ್ಪತ್ರೆಯ ಮೂಲೆಯಲ್ಲಿ ಒಂಟಿಯಾಗಿ ನಿಂತ ಶವಾಗಾರ ನೋಡಿರುತ್ತೀರಿ. ಕೆರೆಗೆ ಬಿದ್ದವರು, ನೇಣು ಹಾಕಿಕೊಂಡವರು, ಅಡಿಕೆ ಮರದಿಂದ ಬಿದ್ದವರು, ಕೊಲೆಯಾದವರು, ಹೀಗೆ ತಾಲ್ಲೂಕಿನ ಎಲ್ಲ ಅಸಹಜ ಸಾವುಗಳ ದೇಹಗಳೂ ಮರಣೋತ್ತರ ಪರೀಕ್ಷೆಗೆ ಅಲ್ಲಿಗೇ ಬರುತ್ತಿದ್ದವು. ಒಳಗೆ ಸತ್ತವರಿಗಿಂತ ಹೊರಗೆ ಸತ್ತು ಒಳಗೆ ಬಂದವರೇ ಎಷ್ಟೋ ಜನ. ದಾರಿಯಲ್ಲಿ ನಿಂತು ನೋಡುವವರಿಗೆ ಈ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಗುರುತು ಸಿಗದ ಶವಗಳನ್ನು ಸಾರ್ವಜನಿಕ ಸ್ಮಶಾನದಲ್ಲಿ ಹೂಳುವುದು ರೂಢಿ. ಹಿತ್ತಲಿನಲ್ಲಿ ಹೂಳುತ್ತಿದ್ದದ್ದು ಹೆರಿಗೆಯ ಮಾಸು, ಕತ್ತರಿಸಿ ತೆಗೆದ ಅಂಗಗಳು, ರಕ್ತದ ಬಟ್ಟೆ, ಒಡೆದ ಬಾಟಲಿಗಳು. ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮಗಳು ಬಂದದ್ದೇ 1998ರಲ್ಲಿ. ಅದಕ್ಕೂ ಮುಂಚಿನ ಸೂಜಿ, ಗಾಜಿನ ಚೂರು ಇಂದಿಗೂ ಆ ಮಣ್ಣಿನಲ್ಲಿ ಸಿಗಬಹುದು. ಹಾಗಾಗಿ ಹಿತ್ತಲನ್ನು ಮಕ್ಕಳ ಆಟದ ಬಯಲು ಮಾಡುವುದು ಬೇಡ. ಮೇಲೆ ಹೊಸ ಮಣ್ಣು ಹರಡಿ ಗಿಡ ಬೆಳೆಸಲಿ. ಅಗೆಯುವಾಗ ಮನುಷ್ಯನ ಮೂಳೆ ಕಂಡರೆ ಕೆಲಸ ನಿಲ್ಲಿಸಿ ಪೊಲೀಸರಿಗೂ ತಹಶೀಲ್ದಾರರಿಗೂ ತಿಳಿಸಬೇಕು.

ಬ್ರಿಟಿಷರು ಕಟ್ಟಿಸಿದ್ದು ಎನ್ನುವವರಿಗೆ ಒಂದು ಮಾತು ಹೇಳಿ. ನಗರ (ಬಿದನೂರು) ಸೀಮೆಯ ರೈತರ ದಂಗೆಯ ಬೆನ್ನಲ್ಲೇ, 1831ರಲ್ಲಿ ಮೈಸೂರಿನ ಆಡಳಿತವನ್ನು ಬ್ರಿಟಿಷರು ವಹಿಸಿಕೊಂಡದ್ದು ನಿಜ. ಆದರೆ 1881ರಲ್ಲಿ ಅದು ಒಡೆಯರ ಮನೆತನಕ್ಕೆ ಮರಳಿತು. ನಮ್ಮ ತಾಲ್ಲೂಕುಗಳ ಧರ್ಮಾಸ್ಪತ್ರೆಗಳಲ್ಲಿ ಬಹುಪಾಲು ಕಟ್ಟಿದ್ದು ಆ ಮೇಲೆ, ಸಂಸ್ಥಾನದ ಖಜಾನೆಯಿಂದ, ಜಿಲ್ಲಾ ಬೋರ್ಡಿನ ಸ್ಥಳೀಯ ನಿಧಿಯಿಂದ, ಊರಿನವರ ದಾನದಿಂದ. ಮೇಲಿನ ಹುದ್ದೆಗಳಲ್ಲಿ ಯುರೋಪಿಯನ್ ವೈದ್ಯರಿದ್ದರು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಅಂಥ ಒಬ್ಬ ವೈದ್ಯರ ಹೆಸರೇ ಉಳಿದಿದೆ. ಇಂದು ಅದು ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆ. ಹೆಸರು ಇಂಗ್ಲಿಷಿನದಾದ ಮಾತ್ರಕ್ಕೆ ಹಣ ಇಂಗ್ಲೆಂಡಿನದಲ್ಲ. 1881ರಲ್ಲೇ ಶುರುವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಯ ನಡವಳಿಗಳನ್ನು ಓದಿದರೆ, ತಮ್ಮ ತಾಲ್ಲೂಕಿಗೆ ಆಸ್ಪತ್ರೆ ಬೇಕು, ಸೂಲಗಿತ್ತಿ ಬೇಕು ಎಂದು ಕೇಳುತ್ತಿದ್ದವರು ನಮ್ಮವರೇ ಎಂದು ಗೊತ್ತಾಗುತ್ತದೆ. ನಿಮ್ಮ ಕಟ್ಟಡದ ಮುಖಮಂಟಪದಲ್ಲೋ ಹೆರಿಗೆ ವಾರ್ಡಿನ ಬಾಗಿಲಿನ ಮೇಲೋ ಸುಣ್ಣದ ಪದರಗಳಡಿ ಒಂದು ಕಲ್ಲಿನ ಫಲಕ ಇದ್ದೀತು. ಮೆತ್ತನೆಯ ಕುಂಚದಿಂದ ಸುಣ್ಣ ತೆಗೆದು ನೋಡಿ. ತೀರಿಹೋದ ಹೆಂಡತಿಯ ನೆನಪಿಗೋ ಮಗಳ ನೆನಪಿಗೋ ಅಡಿಕೆ ಬೆಳೆಗಾರರು, ವ್ಯಾಪಾರಿಗಳು ವಾರ್ಡು ಕಟ್ಟಿಸಿಕೊಟ್ಟ ಫಲಕಗಳನ್ನು ಓದುವಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಕಟ್ಟಡ ಏರಿನ ಮೇಲೆ, ಪೇಟೆಯಿಂದ ದೂರ ಇರುವುದಕ್ಕೂ ಕಾರಣವಿದೆ. ಹತ್ತೊಂಬತ್ತನೆಯ ಶತಮಾನದ ವೈದ್ಯರು ಜ್ವರಗಳು ಕೆಟ್ಟ ಗಾಳಿಯಿಂದ ಬರುತ್ತವೆ ಎಂದು ನಂಬಿದ್ದರು. ಮಲೇರಿಯಾದ ಪರೋಪಜೀವಿಯನ್ನು ಸೊಳ್ಳೆಯೊಳಗೆ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರ ಆಗಸ್ಟ್ 20ರಂದು. ಅದಕ್ಕೆ ಮುಂಚಿನ ನಂಬಿಕೆಯ ಫಲವಾಗಿಯೇ ಎತ್ತರದ ಚಾವಣಿ, ಎದುರುಬದುರು ಕಿಟಕಿ, ಮೇಲೆ ಗಾಳಿಕಿಂಡಿ, ಸುತ್ತ ಜಗಲಿ ಇರುವ ಉದ್ದನೆಯ ವಾರ್ಡುಗಳು ಬಂದವು. ಕಾರಣ ತಪ್ಪಾಗಿತ್ತು, ಕಟ್ಟಡ ಒಳ್ಳೆಯದಾಯಿತು. ಗಾಳಿ, ಬೆಳಕು ಕ್ಷಯದಂಥ ರೋಗ ಹರಡುವುದನ್ನು ನಿಜಕ್ಕೂ ತಡೆಯುತ್ತವೆ. ಓದುವ ಕೋಣೆಗೂ ಇದಕ್ಕಿಂತ ಚೆನ್ನಾದ ವಿನ್ಯಾಸ ನನಗೆ ತೋಚುವುದಿಲ್ಲ.

ಇನ್ನು, ಇಂಥ ಹಳೆಯ ಆಸ್ಪತ್ರೆಗಳ ಬಗ್ಗೆ ಜನ ಆಡುವ, ‘ಅಲ್ಲಿಗೆ ಹೋದವರು ವಾಪಸು ಬರುತ್ತಿರಲಿಲ್ಲ’ ಎನ್ನುವ ಮಾತು. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ, ಏಕೆಂದರೆ ಅದರ ಹಿಂದೆ ನಿಜವಾದ ಸಾವುಗಳಿವೆ.

ಇಪ್ಪತ್ತನೆಯ ಶತಮಾನದ ಮೊದಲರ್ಧದ ಮಲೆನಾಡನ್ನು ಇಂದಿನ ಹಸಿರು ನೋಡಿ ಊಹಿಸಲಾಗದು. ಬೇರೆಡೆ ಜನಸಂಖ್ಯೆ ಏರುತ್ತಿದ್ದಾಗ ಮಲೆನಾಡಿನ ಹಲವು ತಾಲ್ಲೂಕುಗಳಲ್ಲಿ ಇಳಿಯುತ್ತಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರ ಅವಧಿಯಲ್ಲಿ ಮಲೆನಾಡು ಸುಧಾರಣೆಗೆಂದೇ ಪ್ರತ್ಯೇಕ ಯೋಜನೆ ಮಾಡಬೇಕಾಯಿತು. ಮುಖ್ಯ ಶತ್ರು ಮಲೇರಿಯಾ. ಬಯಲುಸೀಮೆಯಲ್ಲಿ ನಿಂತ ನೀರಿನ ಸೊಳ್ಳೆಗಳಾದರೆ, ನಮ್ಮ ಗುಡ್ಡಗಾಡಿನಲ್ಲಿ ರೋಗ ಹರಡುವ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಸೊಳ್ಳೆ ನಿಧಾನವಾಗಿ ಹರಿಯುವ ತಿಳಿನೀರಿನ ಅಂಚಿನಲ್ಲಿ ಮರಿಮಾಡುತ್ತದೆ. ಅಂದರೆ ಜರಿಯ ಬದಿಯ ಮನೆ, ಕಾಲುವೆ ಹಾಯ್ದ ಅಡಿಕೆ ತೋಟ, ಜನ ಎಲ್ಲಿ ಬದುಕು ಕಟ್ಟಿಕೊಂಡರೋ ಅಲ್ಲೇ ಅದೂ ಇತ್ತು. ಮಕ್ಕಳ ಹೊಟ್ಟೆಯಲ್ಲಿ ಜ್ವರಗೆಡ್ಡೆ, ಅಂದರೆ ಮಲೇರಿಯಾದಿಂದ ಊದಿದ ಗುಲ್ಮ, ಎಲ್ಲರಿಗೂ ಪರಿಚಿತ. ಜೊತೆಗೆ ಕೊಕ್ಕೆಹುಳು ರಕ್ತ ಹೀರುತ್ತಿತ್ತು. ಇಂಥ ಮೈಗೆ ಬಸಿರು ಸೇರಿದರೆ ಏನಾಗುತ್ತಿತ್ತೆಂದು ನಿಮ್ಮ ಮನೆಯವರಿಗೆ ಗೊತ್ತು.

ಈ ಸ್ಥಿತಿಯಲ್ಲಿ ರೋಗಿಗಳು ಆಸ್ಪತ್ರೆಗೆ ಬರುತ್ತಿದ್ದದ್ದು ಯಾವಾಗ? ಕಷಾಯ, ನಾಟಿ ಮದ್ದು, ದೇವರ ಹರಕೆ, ನೋಟ ಎಲ್ಲ ಮುಗಿದ ಮೇಲೆ. ಮಳೆಗಾಲದಲ್ಲಿ ಹೊಳೆ ಇಳಿಯುವವರೆಗೆ ಕಾದು, ಕಂಬಳಿಯ ಡೋಲಿ ಮಾಡಿ ಹೊತ್ತುಕೊಂಡೋ ಗಾಡಿಯಲ್ಲಿ ಮಲಗಿಸಿಕೊಂಡೋ ತರುತ್ತಿದ್ದರು. ಅಲ್ಲಿ ಇದ್ದವರು ಒಬ್ಬ ವೈದ್ಯ, ಒಬ್ಬ ಕಾಂಪೌಂಡರ್, ಗಾಯಕ್ಕೆ ಪಟ್ಟಿ ಕಟ್ಟುವ ಒಬ್ಬ ಡ್ರೆಸ್ಸರ್, ಅದೃಷ್ಟವಿದ್ದರೆ ಒಬ್ಬ ತರಬೇತಿ ಪಡೆದ ಸೂಲಗಿತ್ತಿ. ಮನೆಯಿಂದ ತಂದ ಬಾಟಲಿಗೆ ಮಿಕ್ಸ್ಚರ್ ತುಂಬಿ, ಹೊತ್ತಿಗೆ ಇಷ್ಟು ಎಂದು ಗುರುತು ಮಾಡಿದ ಕಾಗದದ ಪಟ್ಟಿ ಅಂಟಿಸಿ ಕೊಡುವುದೇ ಹೊರರೋಗಿ ವಿಭಾಗದ ದೊಡ್ಡ ಕೆಲಸ. ರಕ್ತ ಕೊಡುವ ವ್ಯವಸ್ಥೆ ಇರಲಿಲ್ಲ. ಪೆನಿಸಿಲಿನ್ ನಮ್ಮ ದೇಶದಲ್ಲೇ ತಯಾರಾಗತೊಡಗಿದ್ದು, ಪಿಂಪ್ರಿಯ ಕಾರ್ಖಾನೆ ಬಂದ ಮೇಲೆ, 1950ರ ದಶಕದಲ್ಲಿ. ಸಾಯುವ ಹೊತ್ತಿಗೆ ಬಂದವರು ಅಲ್ಲಿ ಸತ್ತರು. ಸಾವಿನ ಲೆಕ್ಕ ಕಟ್ಟಡದ ಹೆಸರಿಗೆ ಬರೆಯಲ್ಪಟ್ಟಿತು. ಸಾವು ಹೆಚ್ಚಾದಷ್ಟೂ ಜನ ಬರುವುದನ್ನು ಇನ್ನಷ್ಟು ತಡ ಮಾಡಿದರು. ತಡವಾದಷ್ಟೂ ಸಾವು ಹೆಚ್ಚಾಯಿತು. ಈ ವಿಷಚಕ್ರವನ್ನು ಒಡೆದದ್ದು ಸೊಳ್ಳೆ ಕೊಲ್ಲುವ ಡಿ.ಡಿ.ಟಿ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, ಸುಮಾರು 8 ಲಕ್ಷ ಜನ ಸಾಯುತ್ತಿದ್ದರು ಎಂಬ ಅಂದಾಜಿದೆ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ, 1960ರ ದಶಕದ ಮಧ್ಯದ ಹೊತ್ತಿಗೆ ರೋಗಿಗಳ ಸಂಖ್ಯೆ ಲಕ್ಷದ ಆಸುಪಾಸಿಗೆ ಇಳಿಯಿತು. ಅದೇ ವಾರ್ಡು, ಅದೇ ಮಂಚ, ಜನ ಬದುಕಿ ಮನೆಗೆ ಹೋಗತೊಡಗಿದರು. ಆದರೆ ಅಷ್ಟರಲ್ಲಿ ಮಾತು ಹುಟ್ಟಿ ಬೇರುಬಿಟ್ಟಿತ್ತು. ಮುಂದೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಮಂಗನ ಕಾಯಿಲೆ ಕಾಣಿಸಿಕೊಂಡಾಗ ಹಳೆಯ ಭಯಕ್ಕೆ ಹೊಸದೊಂದು ಸೇರಿತು. ಅದು ಉಣುಗಿನ ಕಡಿತದಿಂದ ಬರುವ ರೋಗ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಆದರೂ ಆ ವಾರ್ಡಿನತ್ತ ಹೋಗಲು ಜನ ಅಂಜುತ್ತಿದ್ದರು.

ಈಗ ನಿಮ್ಮ ಅಜ್ಜಿಯ ವಿಷಯ. ನೀವು ಬರೆದ ಲಕ್ಷಣಗಳನ್ನು ನಾನು ಹಲವು ಸಲ ಓದಿದೆ. ಬಿಡದ ಚಳಿಜ್ವರ, ಏಳು ತಿಂಗಳ ಬಸಿರು, 1949ರ ಶರಾವತಿ ಕಣಿವೆ. ಅವರಿಗಿದ್ದದ್ದು ಮಲೇರಿಯಾದ ಅತಿ ಅಪಾಯಕಾರಿ ಬಗೆಯಾದ ಫ್ಯಾಲ್ಸಿಪಾರಂ ಆಗಿರುವ ಸಂಭವ ಬಹಳ ಹೆಚ್ಚು. ಬಸುರಿಯರಲ್ಲಿ ಅದು ಹೆಚ್ಚು ಉಗ್ರ. ಬಾಯಿಯ ಮೂಲಕ ಔಷಧ ನಿಲ್ಲದ ರೋಗಿಗೆ ಅಂದಿನ ವೈದ್ಯರ ಕೈಯಲ್ಲಿದ್ದ ಮುಖ್ಯ ಅಸ್ತ್ರ ಕ್ವಿನೈನ್ ಚುಚ್ಚುಮದ್ದು. ಹಾಗಾಗಿ ಆ ಸೂಜಿ ಕ್ವಿನೈನೇ ಇರಬೇಕು.

ಸೂಜಿ ಚುಚ್ಚಿದ ಮೇಲೆ ಬೆವೆತು, ತಣ್ಣಗಾಗಿ, ಪ್ರಜ್ಞೆ ತಪ್ಪಿದರು ಎಂದಿರಿ. ಕ್ವಿನೈನಿಗೆ ದೇಹದಲ್ಲಿ ಇನ್ಸುಲಿನ್ ಹೆಚ್ಚಿಸುವ ಗುಣವಿದೆ. ರಕ್ತದ ಸಕ್ಕರೆ ತಟ್ಟನೆ ಕುಸಿಯಬಹುದು, ಬಸುರಿಯರಲ್ಲಂತೂ ಈ ಅಪಾಯ ಇನ್ನೂ ಹೆಚ್ಚು. ದಿನಗಟ್ಟಲೆ ಅನ್ನ ಸೇರದೆ ಬಂದ ಬಸುರಿಯಲ್ಲಿ ಏನಾಗಿರಬಹುದೆಂದು ಯೋಚಿಸಿ. ಸಕ್ಕರೆ ಕುಸಿದಾಗ ಕಾಣುವ ಲಕ್ಷಣಗಳು ನೀವು ಬರೆದವೇ. ಆದರೆ ಇದು ವೈದ್ಯಲೋಕಕ್ಕೆ ಸ್ಪಷ್ಟವಾಗಿ ತಿಳಿದದ್ದು 1983ರಲ್ಲಿ, ಥಾಯ್ಲೆಂಡಿನಲ್ಲಿ ಮಲೇರಿಯಾ ರೋಗಿಗಳ ರಕ್ತದ ಸಕ್ಕರೆಯನ್ನು ಅಳೆದು ನೋಡಿದ ವೈದ್ಯರಿಂದ. ನಿಮ್ಮ ಅಜ್ಜಿಯ ಮಂಚದ ಪಕ್ಕ ನಿಂತಿದ್ದ ವೈದ್ಯನಿಗೆ ಜಗತ್ತಿನ ಯಾವ ಪುಸ್ತಕವೂ ಅದನ್ನು ಹೇಳಿಕೊಟ್ಟಿರಲಿಲ್ಲ. ರೋಗ ಮಿದುಳಿಗೇರಿತು ಎಂದೇ ಆತ ತಿಳಿದಿರಬೇಕು. ಅದು ಕೂಡ ಸಾಧ್ಯ, ಏಕೆಂದರೆ ಉಗ್ರ ಮಲೇರಿಯಾ ತಾನಾಗಿಯೇ ಸಕ್ಕರೆ ಇಳಿಸುತ್ತದೆ, ಮಿದುಳಿಗೂ ಏರುತ್ತದೆ. ಕ್ವಿನೈನನ್ನು ರಕ್ತನಾಳಕ್ಕೆ ವೇಗವಾಗಿ ಕೊಟ್ಟರೆ ರಕ್ತದೊತ್ತಡವೂ ಬೀಳುತ್ತದೆ. ಮೂರರಲ್ಲಿ ಯಾವುದೆಂದು ಇಷ್ಟು ದೂರದಿಂದ ಹೇಳಲಾಗದು.

ಹಾಗಾಗಿ ಸೂಜಿಯೇ ಕೊಂದಿತು ಎಂಬ ನಿಮ್ಮ ಮನೆಯ ಮಾತನ್ನು ನಾನು ಸುಳ್ಳೆನ್ನುವುದಿಲ್ಲ. ನಿಮ್ಮ ಮನೆಯವರು ಕಣ್ಣಾರೆ ಕಂಡದ್ದನ್ನು ಸರಿಯಾಗಿಯೇ ನೆನಪಿಟ್ಟಿದ್ದಾರೆ. ಇನ್ನೊಂದನ್ನೂ ಅಷ್ಟೇ ನೇರವಾಗಿ ಹೇಳಬೇಕು: ಅಷ್ಟು ಉಗ್ರವಾದ ಮಲೇರಿಯಾಕ್ಕೆ ಔಷಧವನ್ನೇ ಕೊಡದಿದ್ದರೆ ಸಾವು ಬಹುಪಾಲು ನಿಶ್ಚಿತ. ಕೊಡಬೇಕಾದದ್ದನ್ನೇ ಆತ ಕೊಟ್ಟಿದ್ದಾನೆ. ಇಂದಾದರೆ ಆರ್ಟಿಸುನೇಟ್ ಎಂಬ ಮಲೇರಿಯಾ ಔಷಧ ಕೊಡುತ್ತೇವೆ, ಸಕ್ಕರೆಯನ್ನು ಗಂಟೆಗಂಟೆಗೆ ಅಳೆಯುತ್ತೇವೆ, ಇಳಿದರೆ ರಕ್ತನಾಳಕ್ಕೆ ಗ್ಲೂಕೋಸ್ ಏರಿಸುತ್ತೇವೆ. ನಿಮ್ಮ ಅಜ್ಜಿಯಂಥವರನ್ನು ಉಳಿಸಿಕೊಳ್ಳುವ ಅವಕಾಶ ಈಗ ಎಷ್ಟೋ ಹೆಚ್ಚಿದೆ. ನಿಮ್ಮ ತಂದೆಯವರಿಗೆ ಇದನ್ನು ಹೇಳುವ ಅವಕಾಶ ಸಿಗಲಿಲ್ಲವಲ್ಲ ಎಂದು ನನಗೆ ವ್ಯಥೆಯಾಗುತ್ತದೆ.

ದಾಖಲೆ ಸಿಗುತ್ತದೆಯೇ? ಆಸ್ಪತ್ರೆಯ ಕೇಸ್ ಶೀಟಿನ ಆಸೆ ಬಿಡಿ. ಇಂದಿನ ನಿಯಮದಲ್ಲೂ ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಟ್ಟರೆ ಸಾಕು, 1949ರದ್ದು ಗೆದ್ದಲಿನ ಪಾಲಾಗಿರುತ್ತದೆ. ಮರಣದ ನೋಂದಣಿ ಬೇರೆ ಮಾತು. ಸಾವು ಆಸ್ಪತ್ರೆಯಲ್ಲಾದ್ದರಿಂದ ಪುರಸಭೆಯ ಅಥವಾ ಪಟ್ಟಣ ಪಂಚಾಯಿತಿಯ ಹಳೆಯ ಮರಣ ನೋಂದಣಿ ಪುಸ್ತಕದಲ್ಲಿ ಮೊದಲು ಹುಡುಕಿಸಿ. ಅಲ್ಲಿ ಇಲ್ಲದಿದ್ದರೆ ಹಳ್ಳಿಯ ಲೆಕ್ಕ. ಆ ಕಾಲದಲ್ಲಿ ಹಳ್ಳಿಯ ಜನನ-ಮರಣ ಬರೆಯುತ್ತಿದ್ದವರು ಪಟೇಲರು ಮತ್ತು ಶಾನುಭೋಗರು. 1961ರ ಕಾಯ್ದೆಯಿಂದ ಆ ವಂಶಪಾರಂಪರ್ಯ ಹುದ್ದೆಗಳು ರದ್ದಾದವು, ಅವರ ಕೈಯಲ್ಲಿದ್ದ ಪುಸ್ತಕಗಳನ್ನು ಸರ್ಕಾರಕ್ಕೆ ಒಪ್ಪಿಸಬೇಕಾಯಿತು. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಊರು ಮುಳುಗಿದರೂ ಲೆಕ್ಕದ ಪುಸ್ತಕ ಮುಳುಗಿರಬೇಕಾಗಿಲ್ಲ, ಅದು ನಿಮ್ಮ ಊರು ಅಂದು ಯಾವ ತಾಲ್ಲೂಕಿಗೆ ಸೇರಿತ್ತೋ ಆ ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ ಇದ್ದರೂ ಇರಬಹುದು. ಗ್ರಾಮದ ಹೆಸರು, ಹೋಬಳಿ, ಅಂದಾಜು ವರ್ಷ ಬರೆದು ಅರ್ಜಿ ಕೊಡಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ. ಸಿಕ್ಕರೂ ಸಾವಿನ ಕಾರಣದ ಕಲಮಿನಲ್ಲಿ ಬಹುಶಃ ‘ಜ್ವರ’ ಎಂದಷ್ಟೇ ಇರುತ್ತದೆ. ಆ ಕಾಲದ ಪುಸ್ತಕಗಳಲ್ಲಿ ಸಾವಿನ ದೊಡ್ಡ ಪಾಲು ಆ ಒಂದೇ ಪದದಡಿ ಬರುತ್ತದೆ. ಅಷ್ಟಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿ. ಒಂದು ತಾರೀಕಾದರೂ ಸಿಕ್ಕೀತು.

ಆಸ್ಪತ್ರೆಯ ಇತಿಹಾಸಕ್ಕೆ ದಾರಿ ಇದಕ್ಕಿಂತ ಸುಲಭ. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸಂಸ್ಥಾನದ ವೈದ್ಯಕೀಯ ಇಲಾಖೆಯ, ಪುರಸಭೆಗಳ ಕಡತಗಳಿವೆ. ಸಂಸ್ಥಾನದ ವಾರ್ಷಿಕ ಆಡಳಿತ ವರದಿಗಳು, ಜಿಲ್ಲಾ ಗೆಜೆಟಿಯರ್‌ಗಳು ಆಸ್ಪತ್ರೆಗಳ ವಿವರ ಕೊಡುತ್ತವೆ. ಆದರೆ ಇವೆಲ್ಲ ಇನ್ನೂ ಕಾಯಬಲ್ಲವು. ಮೊದಲು ಮಾತನಾಡಿಸಬೇಕಾದದ್ದು ಅಲ್ಲಿ ದುಡಿದ ನರ್ಸುಗಳು, ಡ್ರೆಸ್ಸರ್‌ಗಳು, ಆಂಬುಲೆನ್ಸ್ ಚಾಲಕರು, ಬಟ್ಟೆ ಒಗೆಯುತ್ತಿದ್ದವರು, ಶವಾಗಾರದಲ್ಲಿ ಕೆಲಸ ಮಾಡಿದವರನ್ನು. ಯಾವ ಕೋಣೆಯಲ್ಲಿ ಏನಿತ್ತು, ಔಷಧದ ಬಾಟಲಿ ಎಲ್ಲಿ ಹೂಳುತ್ತಿದ್ದರು ಎಂಬುದು ಅವರಿಗೇ ಗೊತ್ತು. ನಿಮ್ಮ ಒಂಬತ್ತನೆಯ ತರಗತಿಯ ಮಕ್ಕಳನ್ನು ಈ ಕೆಲಸಕ್ಕೆ ಹಚ್ಚಿ. ಮಕ್ಕಳ ಮುಂದೆ ಹಿರಿಯರು ಬಾಯಿಬಿಡುವಷ್ಟು ಅಧಿಕಾರಿಗಳ ಮುಂದೆ ಬಿಡುವುದಿಲ್ಲ.

ಸಮಿತಿಯ ಮುಂದೆ ಮೂರು ದಾರಿಗಳಿವೆ ಎಂದುಕೊಳ್ಳೋಣ. ಕೆಡವುವುದು ಎಲ್ಲಕ್ಕಿಂತ ಸುಲಭವಾಗಿ ಕಾಣುತ್ತದೆ. ಆದರೆ ಮೇಲೆ ಹೇಳಿದ ಪಾದರಸ, ಕಲ್ನಾರು, ಜೊತೆಗೆ ಹಳೆಯ ಬಣ್ಣದಲ್ಲಿರುವ ಸೀಸ ಎಲ್ಲ ಧೂಳಾಗಿ ಪೇಟೆಗೆ ಹಾರುವುದು ಆಗಲೇ. ಜಂಬಿಟ್ಟಿಗೆಯನ್ನೂ ಮರವನ್ನೂ ಮರಳಿ ತರಲಾಗದು. ಬೀಗ ಹಾಕಿ ಹಾಗೇ ಬಿಡುವುದು ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಮಲೆನಾಡಿನ ಮಳೆಗೆ ಜಾರಿದ ಒಂದೆರಡು ಹೆಂಚು ಸಾಕು. ಪಕಾಸು ಕೊಳೆತು, ಒದ್ದೆಯಾದ ಗೋಡೆ ಕೆಲವೇ ಮಳೆಗಾಲಗಳಲ್ಲಿ ಒಂದು ಮಗ್ಗುಲಿಗೆ ಕುಸಿಯುತ್ತದೆ. ಕುಸಿಯುವಾಗ ಅಲ್ಲಿ ಕದ್ದು ಆಡುತ್ತಿದ್ದ ಮಕ್ಕಳಿದ್ದರೆ ಏನು ಗತಿ? ಮೂರನೆಯದು ದುರಸ್ತಿ ಮಾಡಿ ಬಳಸುವುದು. ನಾನು ಇದರ ಪರ. ಇದಕ್ಕೂ ಅಪಾಯಗಳಿವೆ, ಮುಖ್ಯವಾಗಿ ಅವಸರದ ಗುತ್ತಿಗೆಯಿಂದ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಬಳಿದರೆ ಒಳಗಿನ ತೇವ ಹೊರಬರಲಾಗದೆ ಕಲ್ಲು ತಿಂದುಹೋಗುತ್ತದೆ, ಪುಸ್ತಕಗಳಿಗೆ ಬೂಸ್ಟು ಹಿಡಿಯುತ್ತದೆ. ಚಾವಣಿ ತೆಗೆದು ಆರ್.ಸಿ.ಸಿ. ಹಾಕಿದರೆ ಆ ಗೋಡೆಗಳು ಭಾರ ತಾಳುವುದು ಕಷ್ಟ. ಲೋಕೋಪಯೋಗಿ ಇಲಾಖೆಯಿಂದ ಕಟ್ಟಡದ ಬಲದ ಪ್ರಮಾಣಪತ್ರ ಬರುವವರೆಗೆ ಸಹಿ ಹಾಕಬೇಡಿ. ಹಳೆಯ ಕಟ್ಟಡಗಳ ಸಂರಕ್ಷಣೆಯಲ್ಲಿ ಅನುಭವವಿರುವ ವಾಸ್ತುಶಿಲ್ಪಿಯೊಬ್ಬರು ಅಂದಾಜುಪಟ್ಟಿಯನ್ನು ನೋಡಲಿ, ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಸಲಹೆಯನ್ನೂ ಕೇಳಿ.

ಉದ್ದನೆಯ ವಾರ್ಡುಗಳನ್ನು ಓದುವ ಕೋಣೆ ಮಾಡಿ. ಪುಸ್ತಕದ ಕಪಾಟುಗಳ ಭಾರ ಗಟ್ಟಿ ಕಲ್ಲುನೆಲವಿರುವ ದಾಸ್ತಾನು ಕೋಣೆಗಳ ಮೇಲೆ ಬೀಳಲಿ, ಗೋಡೆಗೆ ತಾಗದಂತೆ ಇರಲಿ. ಎಕ್ಸ್‌ರೇ ಕೋಣೆಯನ್ನೂ ಹಳೆಯ ದಾಸ್ತಾನನ್ನೂ ಪರೀಕ್ಷೆ ಮುಗಿಯುವವರೆಗೆ ಯಾರಿಗೂ ತೆರೆಯಬೇಡಿ. ಶವಾಗಾರದಲ್ಲಿ ಮಕ್ಕಳ ಚಟುವಟಿಕೆ ಇಡಬೇಡಿ. ರೋಗಭಯಕ್ಕಾಗಿ ಹೇಳುತ್ತಿಲ್ಲ, ತಮ್ಮವರ ದೇಹವನ್ನು ಅಲ್ಲಿಂದ ಹೊತ್ತು ತಂದ ಮನೆಗಳು ಊರಲ್ಲಿ ಇನ್ನೂ ಇವೆ. ವಿರೋಧಿಸುವವರನ್ನು ಸಭೆಯಲ್ಲಿ ವಾದಿಸಿ ಸೋಲಿಸಲು ಹೋಗದೆ, ತಾಲ್ಲೂಕು ಆರೋಗ್ಯಾಧಿಕಾರಿಗಳ ಜೊತೆ ಒಂದು ದಿನ ಕಟ್ಟಡದೊಳಗೆ ಕರೆದುಕೊಂಡು ಹೋಗಿ, ಪ್ರತಿ ಕೋಣೆಯಲ್ಲೂ ಅವರ ಪ್ರಶ್ನೆ ಕೇಳಿ ಅಲ್ಲೇ ಉತ್ತರ ಕೊಡಿಸಿ.

ಒಂದು ಕೆಲಸವನ್ನು ಮಾತ್ರ ಮುಂದೂಡಬೇಡಿ. ಪುನರ್ವಸು ಮಳೆ ಜೋರಾಗಿ ಹಿಡಿದಾಗ ಒಬ್ಬ ಬಡಗಿಯನ್ನು ಕರೆದುಕೊಂಡು ಒಳಗೆ ಹೋಗಿ, ಎಲ್ಲೆಲ್ಲಿ ಸೋರುತ್ತದೆ, ಯಾವ ಗೋಡೆ ಒದ್ದೆಯಾಗುತ್ತದೆ ಎಂದು ಕೋಣೆಕೋಣೆಯ ಫೋಟೊ ತೆಗೆದಿಟ್ಟುಕೊಳ್ಳಿ. ಬೇಸಿಗೆಯಲ್ಲಿ ಬಂದು ನೋಡುವ ಇಂಜಿನಿಯರಿಗೆ ಅದು ಕಾಣುವುದಿಲ್ಲ, ಅಂದಾಜುಪಟ್ಟಿಯಲ್ಲಿ ಬಿಟ್ಟುಹೋಗುತ್ತದೆ. ಹೆಂಚು, ಪಕಾಸು, ರೀಪಿನ ಕೆಲಸ ಮುಂದಿನ ಮುಂಗಾರಿಗೆ ಮೊದಲು ಮುಗಿಯಬೇಕೆಂದು ಗುತ್ತಿಗೆಯಲ್ಲೇ ಬರೆಸಿ. ಒಳಗಿನ ಕೆಲಸ ಆಮೇಲೆ ಮಳೆಗಾಲದಲ್ಲೂ ನಡೆಯುತ್ತದೆ.